ರಕ್ಷಾ ಇವತ್ತು ಎಂತ ಅಂದ್ಲು

ಕವಲೇದುರ್ಗದ ಬುಡದ ಆ ಊರಿನಲ್ಲಿ ಶಾಲೆಗಳು ಎರಡಿದ್ದವು. ಒಂದು ಸರ್ಕಾರದ್ದು. ಅದಕ್ಕೆ ಹೆಂಚಿನ ಮಾಡು, ಬಾವುಟದ ಕಂಬ, ಕಾಂತರಾಜ್ ಮೇಷ್ಟ್ರು ಮತ್ತು ಒಂಬತ್ತು ಮಕ್ಕಳು. ಇನ್ನೊಂದು ಸೌಜನ್ಯಾಳದ್ದು. ಅದಕ್ಕೆ ಅವಳ ಅಡುಗೆಮನೆ ಮತ್ತು ಒಬ್ಬಳೇ ಶಿಷ್ಯೆ. ಹಾಜರಾತಿಯಲ್ಲಿ ಮಾತ್ರ ಎರಡನೆಯದೇ ಮೇಲು.

ಶಿಷ್ಯೆ ಎಂದರೆ ಅವಳ ಮಗಳು ರಕ್ಷಾ, ಎಂಟು ವರ್ಷದವಳು. ಬೆಳಿಗ್ಗೆ ದೇವರ ಗೂಡಿಗೆ ದೀಪ ಹಚ್ಚಿ, ತಾಯಿ ಮಗಳು ಇಬ್ಬರೂ ಕಣ್ಣು ಮುಚ್ಚಿ ನಿಂತು, ಕಣ್ಣು ಬಿಟ್ಟರೆ ಶಾಲೆ ಶುರು. ಗಣಿತ ಅಕ್ಕಿಡಬ್ಬದಲ್ಲಿತ್ತು, ವಿಜ್ಞಾನ ಹಲಸಿನ ಮೇಣದಲ್ಲಿತ್ತು, ಚರಿತ್ರೆಗೆ ಮಾತ್ರ ಬುತ್ತಿ ಕಟ್ಟಿಕೊಂಡು ಕೋಟೆ ಹತ್ತಬೇಕಾಗಿತ್ತು. ಸೌಜನ್ಯಾ ತೀರ್ಥಹಳ್ಳಿಯ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಾಯಂದಿರ ವಾಟ್ಸಾಪ್ ಗುಂಪೊಂದಕ್ಕೂ ಸೇರಿದ್ದಳು. ಅಲ್ಲಿ ಬೆಂಗಳೂರಿನ ಹೆಂಗಸರು ತಮ್ಮ ಮಕ್ಕಳು ಕುಂಡದ ಮಣ್ಣು ಮುಟ್ಟಿದ ಫೋಟೋ ಹಾಕಿ ಪ್ರಕೃತಿಯ ಜೊತೆ ಬೆರೆತದ್ದಕ್ಕೆ ಧನ್ಯವಾದ ಹೇಳುತ್ತಿದ್ದರು. ರಕ್ಷಾ ಕೆಸರಿನಿಂದ ಎದ್ದು ಬಂದಾಗ ಬಚ್ಚಲಿಗೆ ಅಟ್ಟುವುದೇ ಅವಸರವಾಗಿ, ಸೌಜನ್ಯಾಳಿಗೆ ಫೋಟೋ ತೆಗೆಯಲು ನೆನಪಾಗುತ್ತಿರಲಿಲ್ಲ.

“ಗುಡಿಸು, ಒರೆಸು, ಅಕ್ಕಿ ಅಳೆ. ನಮ್ಮ ಕಾಲದಲ್ಲಿ ಇದಕ್ಕೆ ಮನೆಕೆಲ್ಸ ಅಂತಿದ್ರು. ಈಗ ಸಿಲಬಸ್ ಅಂತಾರೆ,” ಎನ್ನುತ್ತಿದ್ದಳು ಅತ್ತೆ ಜಲಜಮ್ಮ. ಗಂಡ ರವೀಶ ಪಿಕಪ್ ಗಾಡಿ ಓಡಿಸುತ್ತಿದ್ದ. ಹೊಸನಗರಕ್ಕೂ ಸಾಗರಕ್ಕೂ ಶುಂಠಿ, ಸಿಮೆಂಟು, ಒಮ್ಮೊಮ್ಮೆ ಮದುವೆ ಪಾತ್ರೆ ಸಾಗಿಸುತ್ತಿದ್ದ. ಹೆಂಡತಿ ಏನು ಹೇಳಿದರೂ “ನೀ ಹೇಳ್ದಂಗೆ” ಎಂದು ಗೇರ್ ಹಾಕುವುದು ಅವನ ಸಂಸಾರ ನೀತಿ.

ಮಗುವನ್ನು ಶಾಲೆ ಬಿಡಿಸಿದ್ದು ಆದರ್ಶಕ್ಕಲ್ಲ. ರಕ್ಷಾ ಶಾಲೆಯಲ್ಲಿ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಎದ್ದ ಗಳಿಗೆಯಿಂದ ಕನಸು, ಬೆಕ್ಕು, ಚಂದ್ರ, ಅಜ್ಜಿಯ ಗೊರಕೆ ಎಂದು ಬಾಯಿ ಮುಚ್ಚದ ಮಗು, ಶಾಲೆಯ ಗೇಟು ದಾಟಿದರೆ ಮುಗಿಯಿತು. ದನಿಯನ್ನು ಯಾರೋ ಅಲ್ಲೇ ತೆಗೆದಿಟ್ಟುಕೊಂಡ ಹಾಗೆ. ಎರಡು ವರ್ಷ ಒಂದು ಶಬ್ದವಿಲ್ಲ. ಮೊದಲು ಮಕ್ಕಳು ‘ಮೂಗಿ’ ಎಂದರು. ಆಮೇಲೆ ಏನೂ ಅನ್ನುವುದನ್ನೇ ಬಿಟ್ಟರು. ಆಟಕ್ಕೆ ಪಾಲು ಮಾಡುವಾಗ ಅವಳೊಬ್ಬಳು ಇದ್ದಾಳೆಂಬುದೇ ಯಾರಿಗೂ ಹೊಳೆಯುತ್ತಿರಲಿಲ್ಲ. ಶಿವಮೊಗ್ಗದ ಡಾಕ್ಟರು ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರು ಕೊಟ್ಟು, ಒತ್ತಾಯ ಮಾಡಬೇಡಿ, ದೊಡ್ಡವಳಾಗುತ್ತ ಸರಿಹೋಗಬಹುದು ಎಂದರು.

ಡಾಕ್ಟರ ‘ಬಹುದು’ ಸಾಲದೆ ಸೌಜನ್ಯಾ ಹಳ್ಳದಮ್ಮನ ಗುಡಿಗೆ ಹೋಗಿ ಪ್ರಸಾದ ಕೇಳಿಸಿದ್ದಳು. ವಿಗ್ರಹದ ಎರಡೂ ಬದಿಗೆ ಒದ್ದೆ ಗಂಧದಲ್ಲಿ ಅಡಿಕೆ ಸಿಂಗಾರದ ಎಸಳು ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕಾಯುವುದು. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ‘ನನ್ನ ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲಾ?’ ಎಂದು ಕೇಳಿದ್ದೇ ತಡ, ಅರ್ಚಕ ಮಂಜುನಾಥ ಭಟ್ಟರು ಗಂಟೆ ಎತ್ತುವ ಮೊದಲೇ ಬಲಗಡೆಯ ಎಸಳು ಬಿತ್ತು. ಅಷ್ಟು ಚುರುಕಾದ ಉತ್ತರವನ್ನು ಆ ಗುಡಿಯಲ್ಲಿ ಯಾರೂ ನೋಡಿರಲಿಲ್ಲ.

ಅಲ್ಲಿಂದ ಒಂದು ವರ್ಷ ಸೌಜನ್ಯಾ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು ಸುಖವಾಗಿದ್ದಳು. ದೋಸೆ ಹುಯ್ಯುತ್ತ ಮಗ್ಗಿ ಕೇಳುವಾಗ, ರಕ್ಷಾ ಏಳೆಂಟಲ ಐವತ್ತಾರಕ್ಕೆ ನಿಂತು “ಅಮ್ಮಾ, ಐವತ್ತಾರಕ್ಕೆ ಅಜ್ಜಿ ಥರ ಮುಖ ಇದೆ” ಎನ್ನುವಾಗ, ದೇವರೆಂದರೆ ಇಷ್ಟೇ ಇರಬೇಕು ಎನಿಸುತ್ತಿತ್ತು.

ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಕಾಂತರಾಜ್ ಮೇಷ್ಟ್ರು ಮನೆಗೆ ಬಂದರು. ಬೆಲ್ಲ ನೀರು ಕುಡಿದು, ಲೋಟ ಕೆಳಗಿಟ್ಟು, ಅದನ್ನೇ ನೋಡುತ್ತ ಕೂತರು.

“ಸೌಜನ್ಯಮ್ಮ, ನಿಮ್ಮ ಪಾಠ ನಮ್ಮದಕ್ಕಿಂತ ಚಂದ ಇರ್ತದೆ, ನಂಗೊತ್ತು. ನಿಮಗೆ ಒಂದು ಮಗು. ನನಗೆ ಒಂಬತ್ತು ಮಗು, ಐದು ಕ್ಲಾಸು, ಮೊಟ್ಟೆ, ಬಾಳೆಹಣ್ಣು, ಮೇಲೊಂದು ಜನಗಣತಿ.”

“ಎಂತಕ್ಕೆ ಬಂದ್ರಿ ಹೇಳಿ ಮೇಷ್ಟ್ರೇ,” ಎಂದಳು ಜಲಜಮ್ಮ. “ಬೆಲ್ಲ ನೀರಿಗಂತೂ ಅಲ್ಲ.”

“ಶಾಲೆಗೆ ಬೀಗ ಬೀಳ್ತದೆ. ಹತ್ತು ತಲೆ ಬೇಕಂತೆ. ಒಂದು ಕಮ್ಮಿ. ಶಾಲೆ ತೆರೆದ ವಾರ ಸಾಹೇಬ್ರು ಬಂದು ಎಣಿಸ್ತಾರೆ. ಇಲ್ದಿದ್ರೆ ಮಕ್ಕಳೆಲ್ಲ ಕೆಳಗಿನೂರಿಗೆ.”

“ಅದು ಹತ್ತಿರವೇ ಅಲ್ವಾ?” ಎಂದಳು ಸೌಜನ್ಯಾ. ತನ್ನ ದನಿ ತನಗೇ ಬೇರೆ ಯಾರದೋ ಅನಿಸಿತು.

“ಬಸ್ಸಿದ್ರೆ ಹತ್ತಿರ. ಬಸ್ಸಿಲ್ಲ.” ಮೇಷ್ಟ್ರು ಎದ್ದರು. “ನಂದೇನೂ ಇಲ್ಲ, ನಂಗೆ ವರ್ಗ ಆಗ್ತದೆ ಅಷ್ಟೆ. ಅಡುಗೆ ದುಗ್ಗಮ್ಮಂಗೆ ವರ್ಗ ಅನ್ನೋದು ಇಲ್ಲ ನೋಡಿ.”

“ತಲೆ ಅಂದ್ರಲ್ಲ,” ಎಂದಳು ಜಲಜಮ್ಮ ಹಿಂದಿನಿಂದ. “ನಾಲಿಗೆ ಲೆಕ್ಕಕ್ಕಿಲ್ವಾ?”

“ಇಲ್ಲ ಜಲಜಮ್ಮ. ಸರ್ಕಾರ ತಲೆ ಮಾತ್ರ ಎಣಿಸ್ತದೆ.”

ದುಗ್ಗಮ್ಮ ಬೇಲಿಯಾಚೆಯ ಮನೆಯವಳು. ಗಂಡ, ಮಕ್ಕಳು ಯಾರೂ ಉಳಿದಿರಲಿಲ್ಲ. ಶಾಲೆಯ ಒಲೆಯೊಂದು ಉಳಿದಿತ್ತು. ಒಂಬತ್ತು ಮಕ್ಕಳಿಗೆ ಅನ್ನ ಸಾರು ಬಡಿಸಿ, ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ಸಂಜೆ ಊರಿಗೆಲ್ಲ ವರದಿ ಒಪ್ಪಿಸುವುದು ಅವಳ ದಿನಚರಿ. ಅವಳು ಬಂದು ಎರಡು ಬೈಗುಳ ಬೈದಿದ್ದರೆ ಸೌಜನ್ಯಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬಂದದ್ದು ಹಲಸಿನ ತೊಳೆ ಹಿಡಿದುಕೊಂಡು. ಸೆಕೆಯ ಬಗ್ಗೆ ಮಾತಾಡಿದಳು, ಮಂಗನ ಕಾಟದ ಬಗ್ಗೆ ಮಾತಾಡಿದಳು, ರಕ್ಷಾಳ ಜಡೆ ಎಷ್ಟು ಉದ್ದವಾಯಿತು ಎಂದಳು. ಶಾಲೆಯ ಸುದ್ದಿ ಎತ್ತಲೇ ಇಲ್ಲ. ಹೋಗುವಾಗ ತಟ್ಟೆ ಮರೆತು ಹೋದಳು.

ಎರಡನೆಯ ಸಲ ಪ್ರಸಾದ ಕೇಳುವುದೆಂದಾಯಿತು. ಏನು ಕೇಳಬೇಕೆಂಬ ಬಗ್ಗೆ ಪಿಕಪ್ಪಿನ ಮುಂದಿನ ಸೀಟಿನಲ್ಲೇ ಜಗಳ.

“ಮಗೂನ ಶಾಲೆಗೆ ಕಳಿಸ್ಲಾ ಅಂತ ಕೇಳಿದ್ರೆ ಆಯ್ತಪ್ಪ,” ಎಂದ ರವೀಶ.

“ಹಂಗೆ ಕೇಳಿದ್ರೆ ಹಳ್ಳದಮ್ಮ ಮಗು ಒಂದನ್ನೇ ನೋಡಿ ಹೇಳ್ತಾಳೆ,” ಎಂದಳು ಜಲಜಮ್ಮ. “ಹೋದ ಸಲ ಆಗಿದ್ದೇ ಅದು. ಇವಳು ಕೇಳಿದ್ದು ನನ್ನ ಮಗಳು, ನನ್ನ ಮಗಳು ಅಂತ. ಊರನ್ನ ಸೇರಿಸಿ ಕೇಳ್ಬೇಕಿತ್ತು.”

“ಊರಿನ ಮಕ್ಕಳು ಅಮ್ಮಂಗೆ ಗೊತ್ತಿಲ್ವಾ ಅತ್ತೆ? ಹೇಳ್ಕೊಡ್ಬೇಕಾ?”

“ಕೇಳದೆ ಇದ್ದಿದ್ದನ್ನ ಅವಳ್ಯಾಕೆ ಹೇಳ್ತಾಳೆ? ಅವಳೇನು ನಿನ್ನ ಗಂಡನಾ, ಎಲ್ಲದಕ್ಕೂ ಹ್ಞೂಂ ಅನ್ನಕ್ಕೆ?”

ರವೀಶ ಗೇರ್ ಬದಲಿಸಿದ.

ಅತ್ತೆಯ ಮಾತು ಸೌಜನ್ಯಾಳನ್ನು ಉಳಿದ ದಾರಿಯುದ್ದಕ್ಕೂ ಕೊರೆಯಿತು. ಹೌದು, ಹೋದ ಸಲ ಅವಳ ಪ್ರಶ್ನೆಯಲ್ಲಿ ಒಂದೇ ಮಗುವಿತ್ತು. ಪ್ರಶ್ನೆ ಅಷ್ಟು ಸಣ್ಣದಾಗಿದ್ದರಿಂದಲೇ ಎಸಳು ಅಷ್ಟು ಬೇಗ ಬಿತ್ತೋ ಏನೋ. ಒಂದು ವರ್ಷ ಅವಳು ಭಕ್ತಿ ಎಂದುಕೊಂಡು ಅನುಭವಿಸಿದ್ದು ಹೀಗೆ ಅರ್ಧ ಕೇಳಿ ಪಡೆದ ಅಪ್ಪಣೆಯೇ?

ಗುಡಿಯಲ್ಲಿ ಭಟ್ಟರು ಎಸಳು ಅಂಟಿಸಿ ಪಕ್ಕಕ್ಕೆ ಸರಿದರು. ಅವಳು ಕಣ್ಣು ಮುಚ್ಚಿದಳು. ಪ್ರಶ್ನೆ ಶುರುವಾದದ್ದು ರಕ್ಷಾಳಿಂದ. ಆಮೇಲೆ ಒಂಬತ್ತು ಮಕ್ಕಳು ಸೇರಿಕೊಂಡರು, ದುಗ್ಗಮ್ಮ ಸೇರಿಕೊಂಡಳು, ಇಲ್ಲದ ಬಸ್ಸು ಸೇರಿಕೊಂಡಿತು. ಕೊನೆಗೆ ತಾನು ಕೇಳುತ್ತಿರುವುದು ಏನೆಂದು ಅವಳಿಗೇ ತಿಳಿಯದಾಯಿತು. ಕಣ್ಣು ಬಿಟ್ಟಾಗ ಎರಡೂ ಎಸಳು ಇದ್ದಲ್ಲೇ ಇದ್ದವು. ಕಾದರು. ಭಟ್ಟರ ಮೊಬೈಲು ಹೊಡೆದುಕೊಂಡಿತು, ಅವರು ಅದನ್ನು ಪಂಚೆಯ ಗಂಟಿನಲ್ಲೇ ಅದುಮಿದರು. ಮತ್ತೆ ಕಾದರು. ಜಲಜಮ್ಮನ ಮಂಡಿ ನೋಯತೊಡಗಿತು.

“ಅಮ್ಮಂಗೆ ಸಿಟ್ಟು ಅಂತಲ್ಲ,” ಎಂದರು ಭಟ್ಟರು ಕೊನೆಗೆ, ತುಸು ಸಂಕೋಚದಿಂದ. “ಈ ಸೆಕೆಗೆ ಗಂಧ ಬೇಗ ಒಣಗಿ ಹೂ ಕಚ್ಚಿಕೊಂಡು ಬಿಡ್ತದೆ. ಮಳೆ ಬಿದ್ಮೇಲೆ ಬನ್ನಿ.”

ಮಳೆ ಬೀಳುವುದರೊಳಗೆ ಸಾಹೇಬರು ಎಣಿಸಿ ಹೋಗಿರುತ್ತಿದ್ದರು.

ಮನೆಗೆ ಬಂದಾಗ ರಕ್ಷಾ ಮೆಟ್ಟಿಲ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು.

“ಹಳ್ಳದಮ್ಮ ಎಂತ ಅಂದ್ಲು?”

“ಎಂತದೂ ಅನ್ಲಿಲ್ಲ ಮಗ.”

“ನನ್ನ ಥರಾನೇ,” ಎಂದಳು ರಕ್ಷಾ. ಎರಡು ಬೀಜ ಸುಲಿದು ಪಾತ್ರೆಗೆ ಹಾಕಿದಳು. “ನಾನು ಶಾಲೆಗೆ ಹೋಗ್ತೀನಿ. ಆದ್ರೆ ಮಾತಾಡಲ್ಲ.”

“ಯಾರು ಹೇಳಿದ್ರು ನಿಂಗೆ ಹೋಗು ಅಂತ?”

“ಯಾರೂ ಇಲ್ಲ. ನಾನಿಲ್ದಿದ್ರೆ ದುಗ್ಗಮ್ಮ ಯಾರಿಗೆ ಅಡುಗೆ ಮಾಡೋದು?”

ಎಂಟು ವರ್ಷದ ಮಗು ಊರಿನ ಲೆಕ್ಕ ಹೊರಬಾರದು, ಅದು ದೊಡ್ಡವರ ಕೆಲಸ ಎಂದು ಆಗ ಹೇಳಬೇಕಾಗಿತ್ತು. ಸೌಜನ್ಯಾಳಿಗೆ ಅದು ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ಎದೆಯಲ್ಲಿ ಮೊದಲು ಎದ್ದದ್ದು ಹಾಯೆನಿಸುವ ನಿರಾಳ ಭಾವ: ತೀರ್ಮಾನ ತನ್ನ ಕೈಯಿಂದ ಹೋಯಿತಲ್ಲ ಎಂದು. ಅದು ಏಳುತ್ತಿದ್ದ ಹಾಗೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಅವಳು ‘ಬೇಡ’ ಎನ್ನಲಿಲ್ಲ. ರಾತ್ರಿ ರವೀಶನಿಗೆ ಹೇಳಿದಾಗ ಅವನು “ನೀ ಹೇಳ್ದಂಗೆ” ಎಂದ. “ನಾ ಹೇಳಿಲ್ಲ ಕಣ್ರೀ,” ಎಂದಳು. ಅವನು ಮಗ್ಗುಲು ಬದಲಿಸಿದ.

ಎಣಿಕೆಯ ದಿನ ಸೌಜನ್ಯಾ ಶಾಲೆಯ ಕಾಂಪೌಂಡಿನಾಚೆ ನಿಂತಿದ್ದಳು. ಒಳಗೆ ಸಾಹೇಬರು ಹೆಸರು ಕೂಗುತ್ತಿದ್ದರು, ಮಕ್ಕಳು ‘ಬಂದಿದೀನಿ ಸಾರ್’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ‘ರಕ್ಷಾ ಆರ್.’ ಸದ್ದಿಲ್ಲ. ಮತ್ತೊಮ್ಮೆ ಕೂಗಿದರು. ಮಕ್ಕಳೆಲ್ಲ ಒಟ್ಟಿಗೆ “ಅವ್ಳು ಮಾತಾಡಲ್ಲ ಸಾರ್” ಎಂದರು. ಅದರಲ್ಲಿ ಹಂಗಿಸುವ ದನಿಯಿರಲಿಲ್ಲ, ಈ ಕಿಟಕಿ ತೆರೆಯಲ್ಲ ಸಾರ್ ಎಂದು ಹೇಳುವಂತಿತ್ತು. ಮೇಷ್ಟ್ರು ಕೈ ತೋರಿಸಿದರು. ಸಾಹೇಬರು ತಲೆ ನೋಡಿ ಗುರುತು ಹಾಕಿಕೊಂಡರು. ಶಾಲೆ ಉಳಿಯಿತು.

ಊರು ಸೌಜನ್ಯಾಳನ್ನು ಹೊಗಳಿತು. ಹಾಲು ಡೈರಿಯ ಹತ್ತಿರ ಒಬ್ಬರು ಕೈಮುಗಿದರು. ವಾಟ್ಸಾಪ್ ಗುಂಪಿನಲ್ಲಿ ‘ನಾವು ಶಾಲೆಗೆ ಮರಳಿದೆವು’ ಎಂದು ಬರೆದಾಗ ಮಾತ್ರ ಯಾರೂ ಏನೂ ಅನ್ನಲಿಲ್ಲ. ಕೆಳಗೇ ಯಾರದೋ ಕುಂಡದ ಫೋಟೋ ಬಂತು.

ಮೊದಲ ದಿನಗಳಲ್ಲಿ ರಕ್ಷಾ ಮನೆಗೆ ಬಂದು, ಚೀಲ ಎಸೆದು, ಕಟ್ಟಿಟ್ಟ ಮಾತನ್ನೆಲ್ಲ ಒಟ್ಟಿಗೆ ಬಿಚ್ಚುತ್ತಿದ್ದಳು. ಆಮೇಲೆ ಕಾಫಿ ಕುಡಿದ ಮೇಲೆ ಮಾತು ಬರುತ್ತಿತ್ತು. ಆಮೇಲೆ ದೀಪ ಹಚ್ಚಿದ ಮೇಲೆ. ಮಳೆ ಹಿಡಿಯುವ ಹೊತ್ತಿಗೆ ರಾತ್ರಿ ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಉಪ್ಪಿನ ಡಬ್ಬಕ್ಕೆ ಬೆರಳು ತೋರಿಸುವುದನ್ನು ಕಲಿತಿದ್ದಳು. ಬೆಳಗಿನ ದೀಪದ ಮುಂದೆ ಇಬ್ಬರೂ ಈಗಲೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮೊದಲು ಬಿಡುತ್ತಿದ್ದದ್ದು ರಕ್ಷಾ. ಸೌಜನ್ಯಾ ಕಣ್ಣು ಬಿಡುವಷ್ಟರಲ್ಲಿ ಮಗು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿರುತ್ತಿತ್ತು.

ಒಮ್ಮೆ ದಾರಿಯಲ್ಲಿ ಸಿಕ್ಕ ಮೇಷ್ಟ್ರನ್ನು ಕೇಳಿದಳು, “ಮಾತಾಡ್ತಾಳಾ?”

ಕಾಂತರಾಜ್ ಮೇಷ್ಟ್ರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು. “ಬರೀತಾಳೆ. ಭಾಳ ಚಂದ ಬರೀತಾಳೆ.”

ಅದೇ ಸಂಜೆ ದುಗ್ಗಮ್ಮ ಬೇಲಿಯ ಹತ್ತಿರ ಕಾದಿದ್ದಳು.

“ಸೌಜನ್ಯಾ, ಬಾ ಇಲ್ಲಿ. ನಿನ್ನ ಮಗಳು ಇವತ್ತು ಮಾತಾಡಿದ್ಲು ಕಣೇ!”

ಸೌಜನ್ಯಾ ಬೇಲಿಯ ಗೂಟ ಹಿಡಿದುಕೊಂಡಳು. “ಎಂತ ಅಂದ್ಲು?”

“ಸಾರು ಬಿಸಿ ಅಂದ್ಲು. ಮೆಲ್ಲಗೆ. ನಂಗೊಬ್ಳಿಗೇ ಕೇಳೋಹಂಗೆ.”

ಆ ರಾತ್ರಿ ಸೌಜನ್ಯಾ ನಿದ್ದೆ ಮಾಡಲಿಲ್ಲ, ಸಂತೋಷಕ್ಕೆ. ಮರುದಿನವೂ ಬೇಲಿಗೆ ಹೋದಳು. ರಕ್ಷಾ ಇನ್ನೊಂದು ಸೌಟು ಕೇಳಿದಳಂತೆ. ಅದರ ಮರುದಿನ ಮೊಟ್ಟೆ ಸಣ್ಣದಾಯಿತು ಎಂದಳಂತೆ. ವಾರದೊಳಗೆ ರಕ್ಷಾ ಶಾಲೆಯ ಅಡುಗೆಕೋಣೆಯಲ್ಲಿ ಎಂತೆಂತಹ ಮಾತಾಡತೊಡಗಿದಳೆಂದರೆ, ಸೌಜನ್ಯಾ ಒಂದು ಸಂಜೆ ಗೂಟ ಹಿಡಿದ ಕೈ ಸಡಿಲಿಸಿದಳು.

“‘ಈ ಸಲದ ಬೇಳೆ ಬೇಯೋದೇ ಇಲ್ಲ ಮಾರಾಯ್ತಿ, ಸೌದೆ ಬೇರೆ ಹಸಿ, ನಿನ್ನ ಸೊಂಟ ಎಂತ ಆಗ್ಬೇಕು’ ಅಂದ್ಲು,” ಎಂದಳು ದುಗ್ಗಮ್ಮ, ನಗುತ್ತ. ಮುಖದ ತುಂಬ ನಗುವಿತ್ತು. ಕಣ್ಣು ಮಾತ್ರ ಸೌಜನ್ಯಾಳನ್ನು ಬಿಟ್ಟು ಬೇಲಿಯ ದಾಸವಾಳವನ್ನು ನೋಡುತ್ತಿತ್ತು.

ಒಳಗೆ ಬಂದಾಗ ಜಲಜಮ್ಮ ಅಡಿಕೆ ಕತ್ತರಿಸುತ್ತ ತಲೆಯೆತ್ತದೆ ಹೇಳಿದಳು, “ಆ ಮುದುಕಿ ಸುಳ್ಳು ಹೇಳ್ತದೆ ಕಣೇ. ನಿನ್ನ ಮಗಳಿಗೆ ಯಾವಾಗ ಸೊಂಟ ನೋವು ಗೊತ್ತು?”

“ಗೊತ್ತು ಅತ್ತೆ.”

“ಗೊತ್ತಿದ್ದೂ ಹೋಗ್ತೀಯಲ್ಲ ದಿನಾ?”

ಸೌಜನ್ಯಾ ಒಲೆಯ ಮುಂದೆ ಕೂತು ಬೆಂಕಿ ಸರಿಮಾಡಿದಳು. ಪಕ್ಕದ ಕೋಣೆಯಲ್ಲಿ ರಕ್ಷಾ ಬರೆಯುತ್ತಿದ್ದ ಪೆನ್ಸಿಲ್ ಸದ್ದು ಕೇಳುತ್ತಿತ್ತು. ಹಳ್ಳದಮ್ಮನ ಗುಡಿಗೆ ಮಳೆ ಬಿದ್ದ ಮೇಲೂ ಅವಳು ಹೋಗಿರಲಿಲ್ಲ. ಹೋಗಬೇಕು ಅನ್ನಿಸಿರಲೂ ಇಲ್ಲ. ಸಂಜೆಯಾದರೆ ಮಾತ್ರ ಕಾಲು ತಾನಾಗಿ ಬೇಲಿಯ ಕಡೆ ಹೋಗುತ್ತಿತ್ತು.

ಮರುದಿನ ಜಡಿಮಳೆ. ದುಗ್ಗಮ್ಮ ಗೊಬ್ಬರದ ಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು ಬೇಲಿಯ ಆಚೆ ನಿಂತಿದ್ದಳು. ಬರಲಿಕ್ಕಿಲ್ಲ ಎಂದುಕೊಂಡಿದ್ದಳೋ ಏನೋ, ಸೌಜನ್ಯಾಳನ್ನು ಕಂಡು ಗಾಬರಿಯಾದಳು. ಇವತ್ತಿಗೆ ಏನೂ ಹೊಂದಿಸಿಕೊಂಡಿರಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು.

“ಇವತ್ತು…” ಎಂದಳು. ಮೂಗಿನ ತುದಿಯ ನೀರು ಒರೆಸಿಕೊಂಡಳು. “ಇವತ್ತು ಮಳೆ ಜೋರು ಅಂದ್ಲು.”

“ಹೌದಾ,” ಎಂದಳು ಸೌಜನ್ಯಾ. ಕೊಡೆಯನ್ನು ಬೇಲಿಯ ಮೇಲಿಂದ ದುಗ್ಗಮ್ಮನ ಕಡೆಗೆ ಚಾಚಿ ಹಿಡಿದಳು. “ಮತ್ತೆ? ಮತ್ತೆಂತ ಅಂದ್ಲು?”