ಆಕಾಶದ ಕಲ್ಲಿಗೆ ಹೈಮಾಸ್ಟ್ ದೀಪ

ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು ನಾನು, ಪರಮೇಶ. ಊರಿನ ಹೆಸರು ಬೇಡ. ಹಿರೇಕೆರೂರಿನಿಂದ ಬಸ್ಸಿಗೆ ಅರ್ಧ ತಾಸು ಅಂದರೆ ಸಾಕು. ಇಲ್ಲಿನ ಯಾವ ಕಾಮಗಾರಿಯೂ ನನ್ನ ಬೆರಳು ದಾಟದೆ ಸರ್ಕಾರವನ್ನು ಮುಟ್ಟುವುದಿಲ್ಲ. ಅದರ ಸೊಕ್ಕು ನನಗೆ ಸ್ವಲ್ಪ ಇತ್ತು.

ಗ್ರಾಮಸಭೆಯಲ್ಲಿ ಗಾದಿ ಹೊಲಿಯುವ ನಯೀಮನ ಮಗಳು, ಹತ್ತನೇ ತರಗತಿಯ ಮಹೆಕ, ಎದ್ದು ನಿಂತಳು.

"ಆಕಾಶದಾಗ ಭೂಮಿ ಹಂತೇಕ ಹಾದು ಹೋಗೋ ಕಲ್ಲು ಅದಾವ್ರಿ. ಅವನ್ನ ನೋಡಾಕ ನಮ್ಮ ಸಾಲಿಗೆ ಒಂದ ದುರ್ಬೀನು ಬೇಕ್ರಿ."

ಅಧ್ಯಕ್ಷೆ ಶಾರವ್ವ ಕೇಳಿದರು: "ಯಾರ ಹೊಲದಾಗ ಬಿದ್ದೈತಿ?"

"ಇನ್ನೂ ಬಿದ್ದಿಲ್ರಿ."

"ಬಿದ್ದಮ್ಯಾಲ ಬಾ ತಂಗಿ. ಪಂಚನಾಮೆ ಮಾಡಿಸಿ ಪರಿಹಾರ ಕೊಡಸ್ತೇನಿ."

ಸಭೆ ನಕ್ಕಿತು. ಮಹೆಕ ಕೂರಲಿಲ್ಲ. "ಬಿದ್ದಮ್ಯಾಲ ದುರ್ಬೀನು ಯಾಕ ಬೇಕ್ರಿ? ಬರಿಗಣ್ಣಿಗೇ ಕಾಣತೈತಿ."

ಶಾರವ್ವ ನನ್ನತ್ತ ತಿರುಗಿ, "ಹಾಕಪಾ ಪರಮೇಶ" ಎಂದರು.

ಹಾಕಲು ಹೋದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಚರಂಡಿ ಇತ್ತು, ಸ್ಮಶಾನದ ಕಾಂಪೌಂಡ್ ಇತ್ತು, ಆಕಾಶ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಹತ್ತಿರದ ಹೆಸರಿನಡಿ ತುರುಕುವುದು ನಮ್ಮ ರೂಢಿ. ಹೋದ ವರ್ಷ ಅಂಗನವಾಡಿಯ ಜೋಕಾಲಿಯನ್ನು 'ರಸ್ತೆ'ಗೆ ಹಾಕಿದ್ದೆ, ಜೋಕಾಲಿಯೇ ಬಂದಿತ್ತು. ದುರ್ಬೀನು ರಾತ್ರಿಯ ಸಾಮಾನು, ಮೇಲೆ ನೋಡುವ ಸಾಮಾನು ಎಂದು 'ಬೀದಿ ದೀಪ' ಒತ್ತಿದೆ.

ಈ ಸಲದ ಗುತ್ತಿಗೆದಾರ ಪ್ರಾಮಾಣಿಕ. ಪಟ್ಟಿಯಲ್ಲಿ ಇದ್ದದ್ದನ್ನೇ ತಂದ. ಶಾಲೆಯ ಅಂಗಳದಲ್ಲಿ ಹೈಮಾಸ್ಟ್ ದೀಪ ನಿಂತಿತು. ಊರಿಗೆ ಊರೇ ಖುಷಿಯಾಯಿತು, ಹುಡುಗರು ರಾತ್ರಿ ಹತ್ತರವರೆಗೆ ವಾಲಿಬಾಲ್ ಆಡಿದರು. ಆಕಾಶದಲ್ಲಿ ಮಾತ್ರ ಒಂದು ಚುಕ್ಕಿಯೂ ಉಳಿಯಲಿಲ್ಲ.

ಅಷ್ಟರಲ್ಲಿ ವಿಜ್ಞಾನದ ರಾಜಶ್ರೀ ಟೀಚರು ಹಾವೇರಿಯಿಂದ ಒಂದು ದುರ್ಬೀನು ಎರವಲು ತಂದಿದ್ದರು. ಶುಕ್ರವಾರ ರಾತ್ರಿ ಎಂಟಕ್ಕೆ ಒಂದು ಕಲ್ಲು ಹಾದು ಹೋಗುವುದಿತ್ತು. ಅದರ ದಾರಿ ಗುರುತಿಸಿ ವಿಜ್ಞಾನಿಗಳಿಗೆ ಕಳಿಸುವುದು ಮಹೆಕಳ ಪಾಲಿನ ಕೆಲಸ. ಆ ಕಲ್ಲು ಮತ್ತೆ ಬರುವುದು ಹನ್ನೊಂದು ವರ್ಷಕ್ಕೆ.

ಗುರುವಾರ ಅವಳನ್ನು ಶಾಲೆಯ ಅಂಗಳಕ್ಕೆ ಕರೆಸಿದೆ. ಬಿಲ್ ಪಾಸಾಗಬೇಕಾದರೆ ಫಲಾನುಭವಿ ಕಂಬದ ಪಕ್ಕ ನಿಂತ ಫೋಟೊ ಬೇಕು. ಬಂದಳು, ನಿಂತಳು, ನಗಲಿಲ್ಲ.

"ಅಣ್ಣಾರ, ಇದನ್ನ ಆರಸಾಕ ಅರ್ಜಿ ಎಲ್ಲಿ ಕೊಡಬೇಕ್ರಿ?"

ಆಫೀಸಿಗೆ ಬಂದು ಕಂಪ್ಯೂಟರಿನಲ್ಲಿ ಹುಡುಕಿದೆ. ದೀಪ ಹಾಕಿಸಲು ನಾಲ್ಕು ನಮೂನೆ ಇದ್ದವು, ಆರಿಸಲು ಒಂದೂ ಇರಲಿಲ್ಲ. ನನಗೆ ನಾಚಿಕೆಯಾಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವಳು ಅವಳು.

ಶುಕ್ರವಾರ ರಾತ್ರಿ ಮಹೆಕ ಅಂಗಳದಲ್ಲಿ ದುರ್ಬೀನು ಹೂಡಿದ್ದಳು. ಎಂಟಕ್ಕೆ ಐದು ನಿಮಿಷ ಇರುವಾಗ ಕಂಬದ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಮೊದಲ ಫೋನು ಶಾರವ್ವನದೇ.

"ಲೈಟ್ ಯಾಕ ಹೋತೋ?"

"ನಾನ ತಗದೇನ್ರಿ ಅವ್ವಾರ. ಕಲ್ಲು ಹೊಂಟೈತ್ರಿ."

"ಬೀಳತೈತೇನು?"

"ಇಲ್ರಿ."

"ಬೀಳೂದಿಲ್ಲಂದ್ರ ಯಾಕ ತಗದಿ?"

"ಬೀಳೂದಿಲ್ಲ ಅನ್ನೂದನ್ನ ಯಾರಾರ ನೋಡಿ ಬರಕೋಬೇಕಲ್ರಿ."



"ಪೂರಾ ಬರಕೊಳ್ಳಲಿ" ಎಂದರು ಶಾರವ್ವ. "ಅಲ್ಲೀತನಕ ಹಚ್ಚಬ್ಯಾಡ."