ಆರು ಟೈರು, ಮೂರು ಪಾಲು

ಅಕ್ಕ ತಂದು ಹಾಕಿದ ಎರಡು ಟೈರುಗಳು ನಾರುತ್ತಿದ್ದವು.

ಟೈರು ಅಂದಮೇಲೆ ರಬ್ಬರಿನ ವಾಸನೆ ಇದ್ದೇ ಇರುತ್ತದೆ, ಅದಕ್ಕೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ. ಇದು ಬೇರೆ. ಕೊಳೆತ ಮೀನು, ಒಡೆದ ಹಾಲು, ಮಗುವಿನ ಹೇಲುಬಟ್ಟೆ ಎಲ್ಲವನ್ನೂ ಒಂದೇ ಡಬ್ಬದಲ್ಲಿ ತುಂಬಿ ಬಿಸಿಲಿಗಿಟ್ಟ ಹಾಗೆ. ಮೇಲೆ ಮಾತ್ರ ಮದುಮಗನ ಬೂಟಿನಂತೆ ಕಪ್ಪು ಪಾಲಿಶ್ ಮಿರಮಿರ ಮಿಂಚುತ್ತಿತ್ತು. ಮನೆಯವರೆಲ್ಲ ಸ್ಟೆಪ್ನಿ ಅಂತ ಕರೆಯುವ ತಮ್ಮ ಒಂದು ಟೈರಿನ ಕಚ್ಚಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ಎಳೆದ. ಮೊಟ್ಟೆಯ ಸಿಪ್ಪೆ ಬಂತು, ಕೂದಲಿನ ಉಂಡೆ ಬಂತು, ಯಾರದೋ ಹಲ್ಲುಜ್ಜುವ ಬ್ರಷ್ಷಿನ ಮುರಿದ ತಲೆ ಬಂತು.

“ಅಕ್ಕಾ, ಇವು ಎಲ್ಲಿಂದ ಬಂದ್ವು?”

“ನಿಮ್ಮ ಭಾವ ತಂದ್ರು. ಅವರ ಸ್ನೇಹಿತರ ಗ್ಯಾರೇಜಲ್ಲಿ ಸುಮ್ನೆ ಬಿದ್ದಿದ್ವಂತೆ.”

“ಕಸದ ಲಾರೀವು ಇವು.”

“ಲಾರೀವು ಅಂದ್ರೆ ಇನ್ನೂ ಗಟ್ಟಿ, ಅಷ್ಟೂ ಗೊತ್ತಾಗಲ್ವಾ ನಿಂಗೆ?”

ಸ್ಟೆಪ್ನಿ ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಮಡಿಸಿದ. ಪಾಲಿಶ್ ಬಿರಿಯಿತು. ಅದರಡಿಯಿಂದ ಸಾಲುಸಾಲು ಸೀಳುಗಳು ಹಿಮ್ಮಡಿಯ ಒಡಕಿನಂತೆ ಬಾಯಿ ತೆರೆದವು.

“ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ,” ಅಂದಳು ಅಕ್ಕ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಂದಳು.

ಸ್ಟೆಪ್ನಿ ಅನ್ನುವುದು ಅವನ ಹೆಸರಲ್ಲ. ಅಣ್ಣ ಅಕ್ಕ ಇಬ್ಬರೂ ದೊಡ್ಡವರಾದ ಮೇಲೆ, ಯಾರೂ ಕಾಯದೇ ಇದ್ದಾಗ ಹುಟ್ಟಿದವನು. ಬೇರೆ ಯಾವ ಗಾಲಿಯೂ ಉರುಳದಿದ್ದಾಗ ಮಾತ್ರ ಎಲ್ಲರಿಗೂ ನೆನಪಾಗುವವನು. ಹಾಗೆ ಆ ಹೆಸರು ಅಂಟಿತು. ಓದು ಅರ್ಧಕ್ಕೆ ಬಿಟ್ಟು ಬೇಕರಿಯ ವ್ಯಾನು ಓಡಿಸುತ್ತಿದ್ದ. ಬೆಳಗಾದರೆ ಅಂಗಡಿ ಅಂಗಡಿಗೆ ಬ್ರೆಡ್ಡು ಇಳಿಸಿ ಬರುವುದು ಕೆಲಸ. ಅಮ್ಮ ಇದ್ದದ್ದು ಅವನ ಜೊತೆಗೆ, ಬೇಕರಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ.

ಅಪ್ಪ ಬಿಟ್ಟುಹೋದ ಆಸ್ತಿ ಅಂದರೆ ಒಂದು ಮನೆಬಸ್ಸು. ಬಸ್ಸಿನಷ್ಟೇ ಉದ್ದ. ಒಳಗೆ ಒಲೆ, ಸಿಂಕು, ಕಕ್ಕಸು, ಹಿಂದುಗಡೆ ಅಡ್ಡಡ್ಡಲಾಗಿ ಒಂದು ದೊಡ್ಡ ಹಾಸಿಗೆ. ಸ್ಟೆಪ್ನಿಯ ಓಣಿಯಲ್ಲಿ ಅದು ಹಿಡಿಸುತ್ತಿರಲಿಲ್ಲ. ಹಾಗಾಗಿ ಅಣ್ಣನ ಕಾಂಪೌಂಡಿನ ಪಕ್ಕ, ಬೀದಿಯಲ್ಲಿ, ವರ್ಷಗಟ್ಟಲೆ ಬಿಸಿಲು ಕುಡಿಯುತ್ತ ನಿಂತಿತ್ತು. ಯಾರಿಗೂ ಅದು ಬೇಕಿರಲಿಲ್ಲ, ಬಿಟ್ಟುಕೊಡಲೂ ಯಾರೂ ತಯಾರಿರಲಿಲ್ಲ.

ಈಗ ಅದು ಬೇಕಾಗಿದ್ದು ಅಮ್ಮನಿಗೆ. ಕಡಲ ದಂಡೆಯ ಊರಿನಲ್ಲಿದ್ದ ಚಿಕ್ಕಮ್ಮನಿಗೆ ಮರೆವಿನ ಕಾಯಿಲೆ. ಹೋದ ತಿಂಗಳು ಫೋನಿನಲ್ಲಿ ಅವಳು ಅಮ್ಮನನ್ನು, “ತಾವು ಯಾರು?” ಅಂತ ಕೇಳಿದ್ದಳು. ಅಮ್ಮ ಫೋನು ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಪೂರ್ತಿ ಮರೆಯುವ ಮೊದಲು ಒಮ್ಮೆ ಮುಖ ತೋರಿಸಿ ಬರಬೇಕು. ಆದರೆ ಬೆನ್ನುಮೂಳೆಯ ಆಪರೇಶನ್ ಆದ ಅಮ್ಮ ಹೆಚ್ಚು ಹೊತ್ತು ಕೂರುವಂತಿಲ್ಲ, ಮಲಗಿಕೊಂಡೇ ಹೋಗಬೇಕು. ದಾರಿಯಲ್ಲಿ ದೊಡ್ಡ ಘಟ್ಟ. ಹಾಸಿಗೆ ಇರುವುದು ಸರಿಯಾಗಿ ಹಿಂದಿನ ಜೋಡಿ ಚಕ್ರಗಳ ಮೇಲೆ.

ಸ್ಟೆಪ್ನಿ ಟೈರ್ ಅಂಗಡಿಯವನನ್ನು ಕರೆತಂದು ಬಸ್ಸು ತೋರಿಸಿದ್ದ. ಹೊಟ್ಟೆ ಮುಂದೆ, ಆಮೇಲೆ ತಾನು ಎಂಬಂತೆ ನಡೆಯುವ ಮನುಷ್ಯ. ಅಂಗಡಿಯವನು ಆರೂ ಟೈರುಗಳನ್ನು ಒದ್ದು ನೋಡಿದ.

“ಕಚ್ಚು ಹೊಸದರ ಹಾಗೇ ಇದೆಯಲ್ಲಯ್ಯ!” ಅಂದ ಅಣ್ಣ. “ಇನ್ನೂ ಎಷ್ಟೋ ಓಡುತ್ತೆ.”

“ಓಡಿ ಸವೆದಿದ್ರೆ ಮರ್ಯಾದೆ ಸಾವು ಬಿಡಿ ಸಾರ್. ಇವು ನಿಂತಲ್ಲೇ ಸತ್ತಿವೆ,” ಅಂದ ಅಂಗಡಿಯವನು. ಆಮೇಲೆ ಸ್ಟೆಪ್ನಿಯ ಕಡೆ ತಿರುಗಿ, “ದೊಡ್ಡ ಕಂಪನಿದು ಬೇಡ, ಅದು ಹೆಸರಿನ ಬೆಲೆ. ನನ್ನತ್ರ ಒಂದು ಸೆಟ್ ಇದೆ. ಹೆಸರು ಯಾರಿಗೂ ಗೊತ್ತಿಲ್ಲ, ಆದ್ರೆ ಈ ವರ್ಷದ ಮಾಲು, ಬಸ್ಸಿನ ಭಾರ ಹೊರುತ್ತೆ. ಆರೂ ಒಂದೇ ತರಹ ಹಾಕಿ. ಮೂರು ಜನ ಹಂಚ್ಕೊಂಡ್ರೆ ಯಾರಿಗೂ ಹೊರೆಯಾಗಲ್ಲ.”

ಹಂಚ್ಕೊಂಡ್ರೆ. ಆ ಮಾತು ಆ ಮನೆಯಲ್ಲಿ ಆಡಬಾರದಿತ್ತು.

ಅಣ್ಣನ ಕಣ್ಣು ಮಿನುಗಿತು. ಸೋಫಾ ಅಂಗಡಿ ಇಟ್ಟವನು, ಹಂಚುವುದರಲ್ಲಿ ಹುಲಿ. ಅಪ್ಪನ ಸ್ಟೀಲ್ ಲೋಟಗಳನ್ನೂ ಮೂರು ಪಾಲು ಮಾಡಿ, ಉಳಿದ ಒಂದನ್ನು ತಾನು ಹಿರಿಯನೆಂದು ಇಟ್ಟುಕೊಂಡವನು. “ಸರಿ ಹಾಗಾದ್ರೆ,” ಅಂದ. “ಆರು ಟೈರು, ಮೂರು ಮಕ್ಕಳು. ತಲೆಗೆ ಎರಡು. ಮುಂದಿನೆರಡು ನಂದು. ಹಿಂದೆ ಎಡಗಡೆ ಜೋಡಿ ತಂಗೀದು, ಬಲಗಡೆ ನಿಂದು. ಅವರವರ ಟೈರು ಅವರವರ ಇಷ್ಟ. ಇದರಲ್ಲಿ ಯಾರಿಗೂ ಅನ್ಯಾಯ ಇಲ್ಲ.”

“ಅಣ್ಣಾ, ಟೈರು ಲೋಟ ಅಲ್ಲ.”

“ನಿಂಗೆ ಲೆಕ್ಕ ಬರಲ್ಲ, ನೀನು ಮಾತಾಡ್ಬೇಡ.”

ಅಂಗಡಿಯವನು ಸ್ಟೆಪ್ನಿಯ ಮುಖ ನೋಡಿದ, ಅಣ್ಣನ ಮುಖ ನೋಡಿದ, ನಗು ಬಂತೋ ಕೆಮ್ಮು ಬಂತೋ ತಿಳಿಯದಂತೆ ಗಂಟಲು ಸರಿಮಾಡಿಕೊಂಡು ಹೊರಟುಹೋದ.

ಸ್ಟೆಪ್ನಿ ತನ್ನ ಪಾಲಿನ ಎರಡನ್ನು ಆ ಸೆಟ್ಟಿನಿಂದಲೇ ತಂದ. ಉಳಿದ ನಾಲ್ಕನ್ನು ಎತ್ತಿಟ್ಟಿರು ಅಂತ ಅಂಗಡಿಯವನ ಕೈಕಾಲು ಹಿಡಿದು ಬಂದ. ಅಣ್ಣ ಎರಡು ತಂದ. ದೊಡ್ಡ ಕಂಪನಿಯ ಹೆಸರು, ಫಳಫಳ ಹೊಸದು; ಆದರೆ ಚಿಕ್ಕ ವ್ಯಾನಿನದು, ಚಕ್ರಕ್ಕೆ ಕೂತರೂ ಬಸ್ಸಿನ ಭಾರ ಹೊರುವಂಥದಲ್ಲ. ರಿಯಾಯಿತಿಯಲ್ಲಿ ಸಿಕ್ಕಿತಂತೆ. ಆನೆಯ ಕಾಲಿಗೆ ಮೇಕೆಯ ಗೊರಸು. ಅಕ್ಕ ತಂದದ್ದು ಕಸದ ಲಾರಿಯದು. ಬ್ಯೂಟಿಪಾರ್ಲರ್ ನಡೆಸುವ ಹೆಂಗಸು. ಸತ್ತ ಚರ್ಮಕ್ಕೆ ಬಣ್ಣ ಬಳಿದು ಹೊಸದು ಅನ್ನುವುದು ಅವಳಿಗೆ ಅಭ್ಯಾಸವೇ.

ಅವನು ಆ ಎರಡನ್ನು ಸೋಪಿನ ಪುಡಿ ಹಾಕಿ ಉಜ್ಜಿದ. ಸೀಮೆಎಣ್ಣೆ ಹಾಕಿ ಉಜ್ಜಿದ. ವಾಸನೆ ಟೈರನ್ನು ಬಿಡಲಿಲ್ಲ, ಅವನ ಕೈಗೂ ಬಂತು. ಊಟಕ್ಕೆ ಕೂತರೆ ತುತ್ತಿನ ಜೊತೆ ಅದೂ ಮೂಗಿನ ಹತ್ತಿರ ಬಂತು. ತಟ್ಟೆ ತಳ್ಳಿ ಎದ್ದ. ವಾಸನೆಗಿಂತ ಹೆಚ್ಚು ಹೇಸಿಗೆ ತಂದದ್ದು ಬೇರೆ: ಹಿಂದಿನ ವಾರ ಇದೇ ಅಕ್ಕ ಬಂದು ಅಮ್ಮನ ತಲೆ ಬಾಚಿ, “ನಮ್ಮಮ್ಮ ಅಂದ್ರೆ ನನ್ನ ಪ್ರಾಣ” ಅಂತ ನಾಲ್ಕು ಜನರೆದುರು ಕಣ್ಣೊರೆಸಿಕೊಂಡಿದ್ದಳು. ಪ್ರಾಣವನ್ನು ಇಡುವ ಜಾಗ ಇದು.

ಆದರೂ ಆರನ್ನೂ ಬಸ್ಸಿಗೆ ಹಾಕಿದ. ಚಿಕ್ಕಮ್ಮ ಮತ್ತೆ ಫೋನಿನಲ್ಲಿ ತಪ್ಪು ಹೆಸರು ಕರೆದಿದ್ದಳು, ಅಮ್ಮ ಊಟ ಬಿಟ್ಟಿದ್ದಳು. ಮೆಲ್ಲಗೆ ಹೋದರಾಯಿತು, ಘಟ್ಟದಲ್ಲಿ ನಿಲ್ಲಿಸಿ ನಿಲ್ಲಿಸಿ ಇಳಿಸಿದರಾಯಿತು ಅಂತ ತನಗೆ ತಾನೇ ಸುಳ್ಳು ಹೇಳಿಕೊಂಡ.

ಹೊರಡುವ ಬೆಳಿಗ್ಗೆ ಅಮ್ಮನನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದ. ಬೀಳ್ಕೊಡಲು ಎಲ್ಲರೂ ಬಂದಿದ್ದರು. ಭಾವ ಕೂಡ ತನ್ನ ಸಣ್ಣ ಟೆಂಪೋದಲ್ಲಿ ಬಂದಿದ್ದ. ಸಾಮಾನು ಏರಿಸಲು ಸ್ಟೆಪ್ನಿ ಬಸ್ಸನ್ನು ನಾಲ್ಕು ಮಾರು ಮುಂದೆ ತಂದು ಅಣ್ಣನ ಗೇಟಿನೆದುರು ನಿಲ್ಲಿಸಿದ. ಇಳಿದು ಒಂದು ಸುತ್ತು ಹಾಕಿದ. ಹಿಂದೆ ಎಡಗಡೆಯ ಹೊರಟೈರಿನ ಪಕ್ಕೆಯಲ್ಲಿ ಬನ್ನಿನ ಗಾತ್ರದ ಉಬ್ಬು ಎದ್ದಿತ್ತು. ಬರೀ ನಾಲ್ಕು ಮಾರಿಗೆ.

“ಅಕ್ಕಾ, ಬಾ ಇಲ್ಲಿ. ನೋಡು.”

“ಗಾಳಿ ಜಾಸ್ತಿಯಾಗಿರ್ಬೇಕು,” ಅಂದ ಭಾವ, ದೂರದಿಂದಲೇ.

“ಸರಿ ಭಾವ. ನೀವೂ ಅಕ್ಕನೂ ಬನ್ನಿ, ಅಮ್ಮನ ಜೊತೆ ಹಿಂದೆ ಮಲಗಿ. ಎಡಗಡೆ. ನಿಮ್ಮ ಟೈರಿನ ಮೇಲೆ. ಅಣ್ಣಾ, ನೀನು ಮುಂದೆ ನನ್ನ ಪಕ್ಕ ಕೂತ್ಕೋ. ನಿಮ್ಮ ಟೈರಿನ ಮೇಲೆ ನೀವು, ನನ್ನ ಟೈರಿನ ಮೇಲೆ ನಾನು. ಇದರಲ್ಲಿ ಯಾರಿಗೂ ಅನ್ಯಾಯ ಇಲ್ಲ. ಹೋಗೋಣ ಘಟ್ಟ ಇಳಿಯೋಕೆ.”

“ನಂಗೆ ಅಂಗಡಿ ಇದೆ,” ಅಂದ ಅಣ್ಣ.

“ನಂಗೆ ಬಸ್ಸಿನ ವಾಸನೆ ಆಗಲ್ಲ, ವಾಂತಿ ಬರುತ್ತೆ,” ಅಂದಳು ಅಕ್ಕ.

ಭಾವ ಎರಡು ಹೆಜ್ಜೆ ಹಿಂದೆ ಸರಿದ.

ಗೊತ್ತಿತ್ತು ಅವರಿಗೆ. ಗೊತ್ತಿಲ್ಲದೆ ಮಾಡಿದ್ದರೆ ಪೆದ್ದರು ಅಂತ ಬಿಡಬಹುದಿತ್ತು. ಮೂವರಿಗೂ ಚೆನ್ನಾಗಿ ಗೊತ್ತಿತ್ತು.

ಬಸ್ಸಿನ ಹಿಂದಿನ ಕಿಟಕಿ ತೆರೆದಿತ್ತು. ಒಳಗಿನಿಂದ ಅಮ್ಮನ ದನಿ ಬಂತು. “ಸ್ಟೆಪ್ನೀ, ನಾನೀಗ ಯಾರ ಟೈರಿನ ಮೇಲೆ ಮಲಗಿದ್ದೀನೋ?”

“ಅರ್ಧ ಅಕ್ಕಂದು, ಅರ್ಧ ನಂದಮ್ಮ.”

ಒಳಗೆ ಹಾಸಿಗೆ ಕಿರುಗುಟ್ಟಿತು, ಅಮ್ಮ ನೋವಿಗೆ ಹಲ್ಲು ಕಚ್ಚಿ ಉಸಿರೆಳೆದದ್ದು ಕೇಳಿತು. “ಆಯ್ತು, ನಿನ್ನ ಕಡೆಗೆ ಸರ್ಕೊಂಡಿದ್ದೀನಿ. ಹೊರಡು.”

ಸ್ಟೆಪ್ನಿ ಹೊರಡಲಿಲ್ಲ. ಹೋಗಿ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ. ಜಾಕು ತಂದ, ಮರದ ದಪ್ಪ ದಿಮ್ಮಿಗಳನ್ನು ತಂದ.

“ಅಮ್ಮಾ, ಕೆಳಗಿಳಿಸ್ಲಾ?”

“ಹತ್ತೋಕೇ ಹೆಣ ಬಿತ್ತು, ಇಳಿಯೋಲ್ಲ ನಾನು. ಅದೇನು ಮಾಡ್ತೀಯೋ ಮಾಡು.”

ಹಿಂದಿನ ಬಲಗಡೆ ಚಕ್ರಗಳಿಗೆ ಎರಡೂ ಬದಿಗೆ ಕಲ್ಲು ಕೊಟ್ಟ. ಮುಂದಿನ ಎಡಚಕ್ರ ಎತ್ತಿ, ದಿಮ್ಮಿ ಕೊಟ್ಟು, ನಟ್ಟು ಬಿಚ್ಚಿ, ಚಕ್ರ ಉರುಳಿಸಿಕೊಂಡು ಹೋಗಿ ಅಣ್ಣನ ಗೇಟಿಗೆ ಒರಗಿಸಿದ. “ಅಣ್ಣಾ, ನಿಂದು.” ಮುಂದಿನ ಬಲಚಕ್ರ. “ಇದೂ ನಿಂದು.” ಹಿಂದಿನ ಎಡಗಡೆಯ ಎರಡನ್ನು ಅಕ್ಕನ ಕಾಲಬುಡಕ್ಕೆ ಕೆಡವಿದ. ಅವಳು ಕುಪ್ಪಳಿಸಿ ಹಿಂದೆ ಹಾರಿದಳು. “ನಿನ್ನ ಪಾಲು ನೀನು ತಗೋ. ಧರ್ಮಕ್ಕೆ ಕೊಟ್ಟಿದ್ದನ್ನ ಮೊಳ ಹಾಕಿ ವಾಪಸ್ ಕೊಡ್ತಿದ್ದೀನಿ.”

ಬಸ್ಸು ತನ್ನ ಹಿಂದಿನ ಎರಡು ಬಲಚಕ್ರ ಮತ್ತು ಮರದ ದಿಮ್ಮಿಗಳ ಮೇಲೆ, ಗೇಟಿನ ಉದ್ದಕ್ಕೂ, ಹಲ್ಲು ಉದುರಿದ ಮುದುಕನ ಹಾಗೆ ನಿಂತಿತು. ಕಾಂಪೌಂಡಿನೊಳಗೆ ಅಣ್ಣನ ಕಾರು ಸಿಕ್ಕಿಕೊಂಡಿತು.

“ಲೋ, ಬಸ್ಸು ತೆಗಿಯೋ!”

“ತೆಗಿತೀನಣ್ಣ. ನನ್ನ ಪಾಲಿಂದು ಬಲಗಡೆ ಭಾಗ. ಅಷ್ಟನ್ನೇ ಹೇಗೆ ತೆಗೀಲಿ ಹೇಳು?”

“ಚಕ್ರ ಹಾಕೋ ಮೊದ್ಲು!”

“ಅವು ನಿನ್ನವು. ಬೇರೆಯವರ ಆಸ್ತಿ ನಾನ್ಯಾಕೆ ಮುಟ್ಟಲಿ?”

ಹಾಲಿನ ವ್ಯಾನು ಬಂದು ಹಾರ್ನ್ ಹೊಡೆಯಿತು. ಎದುರುಮನೆಯ ನಾಯಿಸಾಕುವ ಹೆಂಗಸು ನಾಯಿಯನ್ನೂ ಕರೆದುಕೊಂಡು ಹೊರಗೆ ಬಂದಳು. ನಾಯಿ ನೇರವಾಗಿ ಹೋಗಿ ಕಸದ ಲಾರಿಯ ಟೈರು ಮೂಸಿ, ಮುಖ ತಿರುಗಿಸಿತು. “ನಾಯೀನೂ ಬೇಡ ಅಂತಿದೆ!” ಅಂದ ಯಾರೋ, ಬೀದಿ ನಕ್ಕಿತು. “ಒಳಗಡೆ ಯಾರಿದ್ದಾರೆ?” ಅಂತ ಕೇಳಿದಳು ಆ ಹೆಂಗಸು.

“ನಮ್ಮಮ್ಮ,” ಅಂದ ಸ್ಟೆಪ್ನಿ, ಬೀದಿಗೆಲ್ಲ ಕೇಳುವಂತೆ. “ಇವರೆಲ್ಲರ ಪ್ರಾಣ!”

ಅಮ್ಮ ಕಿಟಕಿಯಿಂದ ಕೈ ಮಾತ್ರ ಹೊರಗೆ ಚಾಚಿ, “ಒಂದು ಲೋಟ ಟೀ ಸಿಗುತ್ತೇನಮ್ಮ?” ಅಂದಳು. ಅಣ್ಣನ ಮನೆಯ ಗೇಟಿನೆದುರು ಅಣ್ಣನ ತಾಯಿಗೆ ಎದುರುಮನೆಯಿಂದ ಟೀ ಬಂತು.

ಟೀ ಬಂದದ್ದೇ ಬಂದದ್ದು, ಅಣ್ಣನ ಮುಖ ಬೆಂದ ಬೀಟ್‌ರೂಟಾಯಿತು. ಫೋನು ತೆಗೆದು ಟೈರ್ ಅಂಗಡಿಗೆ ಹಚ್ಚಿದ. “ಆ ನಾಲ್ಕು ಇವೆಯಲ್ಲ, ಕಳಿಸಿ. ಈಗಲೇ ಕಳಿಸಿ ಮಾರಾಯ್ರೇ, ಗೇಟ್ ಕಟ್ಟಿಹೋಗಿದೆ.” ಅಕ್ಕನ ಕಡೆ ತಿರುಗಿ, “ಅರ್ಧ ನಿಂದು,” ಅಂದ. ಆ ಹೊತ್ತಿನಲ್ಲೂ ಪಾಲು ಮರೆಯಲಿಲ್ಲ.

ಅಮ್ಮನ ಬೆನ್ನಿಗಾಗಿ ಬಿಚ್ಚದ ಕೈ ಗೇಟಿಗಾಗಿ ಬಿಚ್ಚಿತ್ತು. ಗೆದ್ದೆ ಅನ್ನಿಸಬೇಕಿತ್ತು ಸ್ಟೆಪ್ನಿಗೆ. ಅನ್ನಿಸಲಿಲ್ಲ; ದಾರಿಗೆಂದು ಕಟ್ಟಿಟ್ಟಿದ್ದ ಬ್ರೆಡ್ಡಿನ ಚೀಲ ತರಲು ಬಸ್ಸು ಹತ್ತಿದ.

ಅಂಗಡಿಯವನು ಆಳುಗಳ ಜೊತೆ ಬಂದು ಅಣ್ಣನ ಟೈರುಗಳನ್ನೂ ಅಕ್ಕನವನ್ನೂ ಚಕ್ರದ ಕಬ್ಬಿಣದ ಡಿಸ್ಕಿನಿಂದ ಬಿಡಿಸಿ ಬದಿಗೆಸೆದು, ಹೊಸ ನಾಲ್ಕನ್ನು ಕೂರಿಸಿಕೊಟ್ಟ. ಆರೂ ಒಂದೇ ತರಹ. ಆ ಗಲಾಟೆಯಲ್ಲಿ ಸ್ಟೆಪ್ನಿ ತನ್ನ ಬ್ರೆಡ್ಡಿನ ಚೀಲ ಹಿಡಿದು ಅಕ್ಕನ ಟೈರುಗಳ ಪಕ್ಕ ಕುಕ್ಕರಗಾಲಲ್ಲಿ ಸ್ವಲ್ಪ ಹೊತ್ತು ಕೂತಿದ್ದ. ಯಾರೂ ನೋಡಲಿಲ್ಲ.

ಬಸ್ಸು ಹೊರಟಿತು. ಬೀದಿಯ ಮೊದಲ ಗುಂಡಿ ಅಲುಗದೆ ದಾಟಿತು.

“ದುಡ್ಡು ಯಾರು ಕೊಟ್ರೋ?” ಅಂದಳು ಅಮ್ಮ ಹಿಂದಿನಿಂದ.

“ಅಣ್ಣ.”

“ನನಗೋಸ್ಕರಾನಾ?”

“ಹೂಂ.”

“ಸುಳ್ಳು ಹೇಳೋವಾಗ ನಿಮ್ಮಪ್ಪನೂ ಹಿಂಗೇ ಹೂಂ ಅಂತಿದ್ರು. ಕಿಟಕಿ ತೆಗಿ, ನಿನ್ನ ಕೈ ಇಲ್ಲಿವರೆಗೂ ನಾರ್ತಾ ಇದೆ.”

ಅವನು ಕಿಟಕಿ ತೆರೆದು ಕನ್ನಡಿ ನೋಡಿದ. ದೂರದಲ್ಲಿ, ಅಣ್ಣ ಪೈಪು ಹಿಡಿದು ಗೇಟಿನ ಮುಂದೆ ತೊಳೆಯುತ್ತಿದ್ದ. ಭಾವ ಕಸದ ಲಾರಿಯ ಎರಡು ಟೈರುಗಳನ್ನೂ ಟೆಂಪೋಗೆ ಏರಿಸಿ, ಬಟ್ಟೆಯಿಂದ ಒರೆಸಿ ಒರೆಸಿ ಮತ್ತೆ ಪಾಲಿಶ್ ಬರಿಸುತ್ತಿದ್ದ. ಇನ್ನೊಬ್ಬನಿಗೆ ಮಾರಲು; ಇನ್ನೊಬ್ಬನ ಅಮ್ಮನಿಗೆ.

ಒರೆಸಲಿ. ಮಗ್ಗುಲು ಮಗುಚಿದಾಗ ಗೊತ್ತಾಗುತ್ತದೆ. ಅಡಿಗಿದ್ದ ಪಕ್ಕೆಯನ್ನು ಸ್ಟೆಪ್ನಿ ಬ್ರೆಡ್ಡು ಕೊಯ್ಯುವ ಗರಗಸದ ಚಾಕುವಿನಿಂದ ಈ ತುದಿಯಿಂದ ಆ ತುದಿಯವರೆಗೆ ಕೊಯ್ದಿದ್ದ, ಎರಡನ್ನೂ.

ಥೂ, ಅಂತ ಕಿಟಕಿಯಿಂದ ಹೊರಗೆ ಉಗಿದ. ಚಾಕುವಿನ ನೆನಪಾಯಿತು; ಅದನ್ನೂ ಚೀಲದಿಂದ ತೆಗೆದು ಬೀದಿಯ ಕೊನೆಯಲ್ಲಿದ್ದ ಕಸದ ತೊಟ್ಟಿಗೆ ಎಸೆದ. ಇನ್ನು ಅದರಿಂದ ಬ್ರೆಡ್ಡು ಕೊಯ್ಯುವ ಹಾಗಿರಲಿಲ್ಲ.