ಬೋಯರ್ಲೆಯವರ ವೈಫೈ

ಒದ್ದೆ ಬಟ್ಟೆ ಎಳೆದ ಕಡೆ ಕಲ್ಲು ಕಪ್ಪಾಗುತ್ತದೆ, ಆಮೇಲೆ ಅಂಚುಗಳಿಂದ ಒಣಗುತ್ತ ಬರುತ್ತದೆ, ಭೂಪಟದಲ್ಲಿ ಒಂದು ದೇಶ ಸಣ್ಣದಾಗುತ್ತ ಹೋದ ಹಾಗೆ, ಪೂರ್ತಿ ಒಣಗುವ ಮೊದಲು ಕೆಳಗಿನ ಮೆಟ್ಟಿಲಿಗೆ ಹೋಗಬೇಕು, ನಾನು ಹೋಗುತ್ತಿಲ್ಲ, ಇದೇ ಮೆಟ್ಟಿಲನ್ನು ಮತ್ತೆ ಒರೆಸುತ್ತಿದ್ದೇನೆ, ಬೋಯರ್ಲೆಯವರ ಬಾಗಿಲಿಗಿಂತ ತುಸು ಮೇಲಿನ ಈ ಮೆಟ್ಟಿಲು, ಏಪ್ರನ್ನಿನ ಜೇಬಿನಲ್ಲಿ ಫೋನು ಒಮ್ಮೆ ನಡುಗಿತು, ಅಂದರೆ ವೈಫೈ ಹಿಡಿದುಕೊಂಡಿತು, ಇಲ್ಲಿಗೆ ಬಂದರೆ ಅದು ತಾನಾಗಿಯೇ ಹಿಡಿದುಕೊಳ್ಳುತ್ತದೆ, ನಾನೇನೂ ಒತ್ತುವುದಿಲ್ಲ, ಮೊದಲ ಸಲ ಒತ್ತಿದ್ದೆ ಅಷ್ಟೆ, ಪರದೆಯ ಮೇಲೆ ಎಲ್ಲ ಹೆಸರುಗಳ ಪಕ್ಕದಲ್ಲೂ ಪುಟ್ಟ ಬೀಗವಿತ್ತು, ಬೋಯರ್ಲೆ ಎಂಬ ಹೆಸರಿನ ಪಕ್ಕ ಇರಲಿಲ್ಲ — ಮೇಲೆ ನಮ್ಮ ಮನೆಯೊಳಗೆ ಅದು ಬರುವುದಿಲ್ಲ, ಹಳೆಯ ಗೋಡೆ, ಇಲ್ಲಿ ಮಾತ್ರ ತುಂಬಿ ಬರುತ್ತದೆ, ಆದರೆ ಈ ಕಟ್ಟಡದಲ್ಲಿ ಸುಮ್ಮನೆ ಮೆಟ್ಟಿಲ ಮೇಲೆ ಕೂರಲು ಆಗುತ್ತದೆಯೇ, ಯಾಕಮ್ಮಾ ಇಲ್ಲಿ ಕೂತೆ, ಬೀಗದ ಕೈ ಮರೆತೆಯಾ, ಹುಷಾರಿಲ್ಲವಾ, ಎಲ್ಲರೂ ಕೇಳುತ್ತಾರೆ, ಪೊರಕೆ ಹಿಡಿದವಳನ್ನು ಯಾರೂ ಏನೂ ಕೇಳುವುದಿಲ್ಲ. ಆದ್ದರಿಂದ ಗುಡಿಸಿದೆ. ಗುಡಿಸುವ ವಾರ ಎಂದು ಬರೆದ, ಮನೆಯಿಂದ ಮನೆಗೆ ಸರದಿ ಹೋಗುವ ಮರದ ಹಲಗೆ ನಮ್ಮ ಬಾಗಿಲ ಹಿಡಿಯಲ್ಲಿ ತೂಗುವ ವಾರ ಗುಡಿಸಿದೆ, ಅದು ಬೇರೆಯವರ ಬಾಗಿಲಿಗೆ ಹೋದ ವಾರವೂ ಗುಡಿಸಿದೆ, ಕಿವಿಯಲ್ಲಿ ಹಾಡು, ಕೈಯಲ್ಲಿ ಪೊರಕೆ, ಆಮೇಲೆ ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕೂತು ನೋಡುವುದು, ಯಾರದಾದರೂ ಹೆಜ್ಜೆ ಕೇಳಿದರೆ ಎದ್ದು ಮೂಲೆ ಉಜ್ಜುವುದು, ಈ ಮೆಟ್ಟಿಲುಗಳ ಮೂಲೆಗಳಷ್ಟು ಚೊಕ್ಕಟವಾದ ಮೂಲೆಗಳು ನೆಕ್ಕರ್ ನದಿಯ ಈಚೆ ದಡದಲ್ಲಿ ಇನ್ನೆಲ್ಲೂ ಇರಲಾರವು — ಒಳಗೆ ಚರ್ರೆಂದು ಸದ್ದು, ಅಂಟುಪಟ್ಟಿ ಹರಿಯುವ ಸದ್ದು, ಒಳಗಿನ ಬಾಡಿಗೆ ಕೋಣೆಯ ಖತುನಾ ಪೆಟ್ಟಿಗೆ ಕಟ್ಟುತ್ತಿದ್ದಾಳೆ, ಇವತ್ತು ಸಂಜೆಯೊಳಗೆ ಕೋಣೆ ಬಿಡಬೇಕು ಎಂದಿದ್ದಾರೆ ಬೋಯರ್ಲೆಯವರು, ಚರ್ರ್, ಮತ್ತೆ ಚರ್ರ್, ಜಾರ್ಜಿಯಾದಿಂದ ಬಂದು ವೃದ್ಧಾಶ್ರಮದಲ್ಲಿ ನರ್ಸಾಗಿರುವವಳ ಹತ್ತಿರ ಇಷ್ಟೊಂದು ಕಟ್ಟುವುದಕ್ಕೆ ಏನಿದೆ, ಅಥವಾ ಒಂದೇ ಪೆಟ್ಟಿಗೆಯನ್ನು ಮತ್ತೆ ಮತ್ತೆ ಕಟ್ಟುತ್ತಿದ್ದಾಳೋ, ನಾನು ಒಂದೇ ಮೆಟ್ಟಿಲನ್ನು ಒರೆಸುತ್ತಿರುವ ಹಾಗೆ.

ಬೇಲಿಯಾಚೆಗೆ ಬಿದ್ದ ಸೇಬು ದೇವರದು, ಕೊಂಬೆಯಲ್ಲಿರೋದು ಅವರದು, ಅಮ್ಮ ಹೇಳುತ್ತಿದ್ದಳು, ಆಗ ಅದು ಸರಳವಾಗಿತ್ತು, ಕೈ ಚಾಚಿದರೆ ಕಳ್ಳತನ, ಬಗ್ಗಿದರೆ ಅಲ್ಲ, ಆದರೆ ಇದು ಬಿದ್ದಿರುವ ಸೇಬೋ ಕೊಂಬೆಯಲ್ಲಿರುವುದೋ, ಬೋಯರ್ಲೆಯವರ ಬಾಗಿಲ ಸಂದಿಯಿಂದ ಬೇಳೆ ಬೇಯುವ ವಾಸನೆಯೂ ಬರುತ್ತದೆ, ಅದನ್ನು ಮೂಸಿದರೆ ನಾನು ಊಟ ಕದ್ದ ಹಾಗಾಗುತ್ತದೆಯೇ, ಬೀದಿದೀಪ ನಮ್ಮ ಅಡುಗೆಮನೆಯೊಳಗೆ ಬೀಳುತ್ತದೆ, ಆ ಬೆಳಕಿನಲ್ಲಿ ಅಮ್ಮ ಬೆಳಗಿನ ಪಾಳಿಗೆ ಬೂಟು ಕಟ್ಟಿಕೊಳ್ಳುತ್ತಾಳೆ, ನಗರಸಭೆಯನ್ನು ಕೇಳುತ್ತಾಳೆಯೇ. ವೈಫೈಗೆ ಬೀಗ ಹಾಕದೆ ಬಿಟ್ಟಿದ್ದು ತೀರಿಹೋದ ಯಜಮಾನರು, ಓಯ್ಗೆನ್, ಬೋಯರ್ಲೆಯವರೇ ಒಮ್ಮೆ ಮೇಲುಗಡೆಯ ಡೋಲ್ಡರ್ ಅವರ ಹತ್ತಿರ ಹೇಳುತ್ತಿದ್ದರು, ನಮ್ಮ ಓಯ್ಗೆನ್ ಹಟ ಹಿಡಿದುಬಿಟ್ರು ಕಣ್ರೀ, ಬಾವಿಗೆ ಯಾರಾದ್ರೂ ಬೀಗ ಹಾಕ್ತಾರಾ ಅಂತ, ಬೀದಿಬಾಗಿಲಿಗೆ ಕತ್ತಲಾದ ಕೂಡಲೆ ತಾವೇ ಇಳಿದು ಬೀಗ ಹಾಕಿ, ಹಾಕಿತೇ ಎಂದು ಮತ್ತೆ ಬಂದು ಅಲ್ಲಾಡಿಸಿ ನೋಡುವವರು, ಇದನ್ನು ಮಾತ್ರ ಗಂಡನ ನೆನಪೆಂದು ಹಾಗೇ ಬಿಟ್ಟಿದ್ದಾರೆ, ಹಾಗಾದರೆ ಓಯ್ಗೆನ್ ನನಗೆ ಅನುಮತಿ ಕೊಟ್ಟಂತೆ ಅಲ್ಲವೇ, ಆದರೆ ಕೊಟ್ಟವನು ಸತ್ತ ಮೇಲೆ ಅನುಮತಿ ಬದುಕಿರುತ್ತದೆಯೇ, ಅಲ್ಲದೆ ಬಾವಿಯಲ್ಲಿ ನೀರು ಕುಡಿ ಎಂದವರು ಅದನ್ನು ಊರಿಗೆಲ್ಲ ಹಂಚು ಎಂದಿರಲಿಲ್ಲ, ನಾನು ಹಂಚಿದೆನಂತೆ, ಹಂಚಿದ್ದು ನನಗೇ ಗೊತ್ತಿಲ್ಲ, ಒಂದು ಭಾನುವಾರ ಮಧ್ಯಾಹ್ನ, ಪಾಳಿ ಮುಗಿಸಿದ ಅಮ್ಮ ಮೇಲೆ ಮಲಗಿದ್ದಳು, ನಾನಿಲ್ಲಿ ಕೂತು ಒಂದು ಪುಕ್ಕಟೆ ಆ್ಯಪ್‌ನಲ್ಲಿ ಸಿನಿಮಾ ನೋಡಿದೆ, ಸರೋವರದಾಚೆ ಎಂಬುದು, ಒಬ್ಬ ಹೆಂಗಸು ಈಜುತ್ತಲೇ ಇರುತ್ತಾಳೆ, ಯಾರೊಡನೆಯೂ ಹೆಚ್ಚು ಮಾತನಾಡುವುದಿಲ್ಲ, ಅದಕ್ಕೇ ಹಿಡಿಸಿತು, ನೋಡಿದೆ, ಮುಗಿಯಿತು, ಬಕೆಟ್ಟು ಎತ್ತಿಕೊಂಡು ಮೇಲೆ ಹೋದೆ. ಡೋಲ್ಡರ್ ಹೇಳುತ್ತಾರೆ ಪುಕ್ಕಟೆ ತೋರಿಸೋ ಅಂಥ ಆ್ಯಪ್‌ಗಳಲ್ಲಿ ನೀವು ನೋಡ್ತಾ ಇರೋವಾಗಲೇ ನಿಮ್ಮಿಂದ ಇನ್ನೊಬ್ಬರಿಗೂ ಹೋಗ್ತಾ ಇರುತ್ತೆ, ಅದೇ ಅಪರಾಧ, ಮತ್ತೆ ಪಕ್ಕದ ಮನೆಯವರ ಲೈನಿಗೆ ಸೇರಿಕೊಂಡದ್ದು, ಅದು ಒಂದು ಕೋರ್ಟಲ್ಲಿ ಅಪರಾಧ, ಇನ್ನೊಂದರಲ್ಲಿ ಅಲ್ಲ, ಜಡ್ಜು ಬೆಳಿಗ್ಗೆ ಕಾಫಿ ಹೇಗೆ ಕುಡಿದ ಅನ್ನೋದರ ಮೇಲೆ — ಎಂದು ತಾವೇ ನಕ್ಕರು, ಯಾರೂ ನಗಲಿಲ್ಲ, ಅದು ನಿನ್ನೆ, ಇಲ್ಲೇ, ಈ ಮೆಟ್ಟಿಲ ಬುಡದಲ್ಲಿ, ವಕೀಲರ ನೋಟಿಸು ಬಂದು ಬೋಯರ್ಲೆಯವರ ಕೆನ್ನೆ ಕೆಂಪಾಗಿತ್ತು, ಇಂಥ ಭಾನುವಾರ ನಿಮ್ಮ ಲೈನಿನಿಂದ ಸರೋವರದಾಚೆ ಹಂಚಿಹೋಗಿದೆ, ಲೈನು ನಿಮ್ಮದು, ನೀವೇ ಉತ್ತರ ಹೇಳಬೇಕು, ಹೆಸರು ಕೇಳಿದ ಕೂಡಲೆ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ, ಬೋಯರ್ಲೆಯವರು ಹೇಳುತ್ತಿದ್ದರು ಈ ಮನೇಲಿರೋದು ನಾವಿಬ್ರೇ ಖತುನಾ, ನಂಗೆ ಟೀವಿ ಹಚ್ಚೋದು ಬಿಟ್ಟು ಏನೂ ಬರಲ್ಲ, ಇನ್ನು ಉಳಿದೋಳು ನೀನು, ಖತುನಾ ಇನ್ನೂ ಕೋಟು ಬಿಚ್ಚಿರಲಿಲ್ಲ, ಅಮ್ಮಾ ಆ ಭಾನುವಾರ ನಂಗೆ ಡ್ಯೂಟಿ ಇತ್ತು, ನಮ್ಮ ಆಶ್ರಮದೋರನ್ನ ಕೇಳಿ, ಬೋಯರ್ಲೆಯವರು ಅದೆಲ್ಲ ನಂಗೆ ಬೇಡ, ಫೋನು ಬಿಟ್ಟು ಹೋಗಿರಬಹುದು, ಸ್ನೇಹಿತರನ್ನ ಕರೆದಿರಬಹುದು, ಡೋಲ್ಡರ್ ನಡುವೆ ಬಾಯಿ ಹಾಕಿದರು, ಅಲ್ಲಮ್ಮಾ, ಬೀಗ ಇಲ್ದಿರೋ ಲೈನು, ಕಟ್ಟಡದಲ್ಲಿ ಯಾರು ಬೇಕಾದ್ರೂ ಆಗಿರಬಹುದಲ್ಲ, ಕಟ್ಟಡದಲ್ಲಾ, ಕಟ್ಟಡದಲ್ಲಿ ಯಾರಿದ್ದಾರೆ, ನೀವಾ, ನಿಮಗೆ ಟೀವಿ ರಿಮೋಟೇ ತಲೆಕೆಳಗು, ಇನ್ನು ಮೇಲಿನ ಹುಡುಗಿ — ಈಗ ಹೇಳುತ್ತಾರೆ, ಈಗ — ಬೋಯರ್ಲೆಯವರು ಕಷ್ಟಪಟ್ಟು ಬಗ್ಗಿದರು, ಮೆಟ್ಟಿಲ ಮೂಲೆಯಲ್ಲಿ ತೋರುಬೆರಳು ಎಳೆದರು, ಎದ್ದು ಆ ಬೆರಳನ್ನು ಖತುನಾಳ ಮೂಗಿನ ಮುಂದೆ ಹಿಡಿದರು, ಕಿಟಕಿಯ ಬೆಳಕಿನಲ್ಲಿ ಗೆರೆಗೆರೆ ಕಾಣುವ ಮುದಿ ಬೆರಳು, ಚೊಕ್ಕಟ, ಒಂದು ಕಣ ಧೂಳಿಲ್ಲ. ನೋಡು, ಇದು ಇಲ್ಲಿ ನಿಂತಿರೋ ಸ್ವೆನ್ಯಾ ಗುಡಿಸಿದ್ದು, ನಿನ್ನ ವಾರದಲ್ಲಿ ಈ ಮೂಲೇಲಿ ಏನಿರುತ್ತೆ ನೆನಪಿದೆಯಾ, ನಡುವೆ ನಾಲ್ಕು ಸಲ ಪೊರಕೆ ಆಡಿಸಿ ಓಡಿಬಿಡ್ತೀಯ, ಖತುನಾ ಕೇಳಿದಳು ಮೂಲೆಗೂ ಸಿನಿಮಾಕ್ಕೂ ಏನಮ್ಮಾ ಸಂಬಂಧ, ಮೂಲೆ ಬಿಟ್ಟು ಗುಡಿಸೋಳು ಎಲ್ಲಾದ್ರಲ್ಲೂ ಮೂಲೆ ಬಿಡ್ತಾಳೆ, ಡೋಲ್ಡರ್ ಕೂಡ ತಲೆಯಾಡಿಸಿದರು, ಕಾನೂನೆಲ್ಲ ಹೇಳಿದ ಮನುಷ್ಯ, ಮೂಲೆಯ ಮಾತು ಬಂದೊಡನೆ ತಲೆಯಾಡಿಸಿದರು, ನಾನೂ ಆಡಿಸಿದೆನೇ, ಆಡಿಸಿರಬಹುದು, ಗೊತ್ತಿಲ್ಲ, ಬೆರಳನ್ನು ನೋಡುತ್ತಿದ್ದೆ.

ಬಾಗಿಲು ತೆರೆಯಿತು, ಖತುನಾ, ತೋಳ ತುಂಬ ಪೆಟ್ಟಿಗೆ, ಗಲ್ಲದಿಂದ ಅದನ್ನು ಒತ್ತಿ ಹಿಡಿದಿದ್ದಾಳೆ, ಒದ್ದೆ ಇದೆಯೇನೇ ಸ್ವೆನ್ಯಾ, ಜಾರುತ್ತಾ, ನಾನು ಇಲ್ಲವೆಂದು ತಲೆಯಾಡಿಸಿದೆ, ಒದ್ದೆ ಇತ್ತು, ಯಾಕೆ ಇಲ್ಲ ಎಂದೆ, ಅವಳು ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿಕೊಂಡು ನಿಂತಳು, ಮೂಲೆ ಹೇಗೆ ಗುಡಿಸೋದು ಅಂತ ನಂಗೂ ಒಂದಿನ ಕಲಿಸಿದ್ದರೆ ಮನೆ ಉಳೀತಿತ್ತಲ್ಲೇ, ನಕ್ಕಳು, ನಗು ಅರ್ಧಕ್ಕೆ ಬಿಟ್ಟಳು, ಎಲ್ಲಿಗೆ ಹೋಗ್ತೀರಿ ಎಂದು ಕೇಳಿದ್ದು ನಾನೇ, ನನ್ನದೇ ದನಿ, ಜೊತೆ ಕೆಲಸದವಳ ಕೋಣೆ, ನೆಲದ ಮೇಲೆ ಹಾಸಿಗೆ, ನೆಲ ಪರವಾಗಿಲ್ಲ, ಆದ್ರೆ ಅಲ್ಲಿ ನನ್ನ ಹೆಸರು ಬಾಗಿಲ ಮೇಲೆ ಹಾಕಕ್ಕಾಗಲ್ಲ, ಮುಂದಿನ ತಿಂಗಳು ಈ ದೇಶದಲ್ಲಿರೋ ಪರವಾನಗಿ ಹೊಸದು ಮಾಡಿಸ್ಬೇಕು, ವಿಳಾಸ ಕೇಳ್ತಾರೆ, ಏನು ಹೇಳಲಿ, ಮೂಲೆ ಗುಡಿಸಲಿಲ್ಲ ಅದಕ್ಕೇ ವಿಳಾಸ ಇಲ್ಲ ಅಂತಲಾ — ಇಳಿದಳು, ಜಾರದ ಹಾಗೆ ಒಂದೊಂದೇ ಮೆಟ್ಟಿಲು, ಬೂಟಿನ ಗುರುತು ಒದ್ದೆ ಕಲ್ಲಿನ ಮೇಲೆ, ನಾನು ಅದನ್ನು ಒರೆಸಬಾರದು ಎಂದುಕೊಂಡೆ, ಒರೆಸಿಬಿಟ್ಟಿದ್ದೆ. ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಹತ್ತಿರ ಕರೆದಾಗಲೆಲ್ಲ ಹೀಗೇ, ಉತ್ತರ ಗೊತ್ತಿರುತ್ತಿತ್ತು, ಗಂಟಲಿನಲ್ಲಿ ಯಾರೋ ಬಾಗಿಲು ಮುಚ್ಚುತ್ತಿದ್ದರು, ಕೊನೆಗೆ ಶಾಲೆಗೆ ಹೋಗುವುದನ್ನೇ ಬಿಟ್ಟೆ, ಅದಕ್ಕೆ ವಿಳಾಸ ಯಾರೂ ಕೇಳಲಿಲ್ಲ, ಅಂದರೆ ನಾನು ಕಳೆದುಕೊಂಡದ್ದು ನನ್ನದೇ, ಈಗ ಬಾಯಿ ಬಿಡದಿದ್ದರೆ ಹೋಗುವುದು ಅವಳದು, ಇಷ್ಟು ಮಾತ್ರ ಸ್ಪಷ್ಟ, ಉಳಿದದ್ದೆಲ್ಲ, ಸೇಬು, ಬಾವಿ, ಕೋರ್ಟು, ಒಂದರೊಳಗೊಂದು ಕಲಸಿಹೋಗಿದೆ, ಹಲಗೆಯನ್ನು ಬೋಯರ್ಲೆಯವರ ಬಾಗಿಲಿಗೆ ಸಿಕ್ಕಿಸಲು ಹೇಗೂ ಹೋಗಬೇಕು, ನನ್ನ ವಾರ ಮುಗಿಯಿತು, ಮುಂದಿನದು ಅವರದು, ಸಿಕ್ಕಿಸಿ ಸುಮ್ಮನೆ ಬರಬಹುದು, ಬರಲಿಲ್ಲ, ಗಂಟೆ ಒತ್ತಿದೆ, ಒತ್ತಿದ ಮೇಲೆ ಬೆರಳನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ಬಂದೆ ಬಂದೆ, ಚಪ್ಪಲಿಯ ಸದ್ದು, ಬಾಗಿಲು, ಬೇಳೆಯ ಹಬೆ, ಓ ನೀನಾ ಮಗೂ, ಹಲಗೆ ತಂದೆಯಾ, ಕೊಡು, ನಾನು ಕೊಡಲಿಲ್ಲ, ಆ ಸಿನಿಮಾ ನಾನು ಎಂದೆ, ಏನು ನೀನು, ನೋಡಿದ್ದು, ಇಲ್ಲಿ ಕೂತು, ನಿಮ್ಮ ಲೈನಲ್ಲಿ, ಖತುನಾ ಅಲ್ಲ — ಬಂದವು, ಮಾತುಗಳು ಒಂದೊಂದಾಗಿ ಬಂದವು, ಅವರು ನನ್ನನ್ನು ನೋಡಿದರು, ಕಣ್ಣು ತೇವವಾಯಿತು, ಅಯ್ಯೋ ಪೆದ್ದಿ, ಅವಳು ಅತ್ತಳೇನೋ ನಿನ್ನ ಮುಂದೆ, ಅವಳದನ್ನ ನಿನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದೆಯಾ, ಇಂಥ ಮನಸ್ಸು ಇರಬಾರದು ಕಣೇ ಈ ಕಾಲದಲ್ಲಿ, ಅಲ್ಲ ಫ್ರೌ ಬೋಯರ್ಲೆ, ನಿಜವಾಗ್ಲೂ ನಾನೇ, ಸುಮ್ನಿರು ಸುಮ್ನಿರು, ನಂಗೆ ಮನುಷ್ಯರು ಗೊತ್ತಾಗಲ್ವಾ, ಮೊಣಕಾಲು ಹಿಡಿದುಕೊಂಡು ಬಗ್ಗುತ್ತಿದ್ದಾರೆ, ಜೇಬಿನಲ್ಲಿ ಫೋನಿದೆ, ಈಗಲೂ ಅವರ ಹೆಸರನ್ನು ಹಿಡಿದುಕೊಂಡಿದೆ, ತೆಗೆದು ತೋರಿಸಿದರೆ ಸಾಕು, ಕೆಳಗೆ ಬೀದಿಬಾಗಿಲು ಮುಚ್ಚಿದ ಸದ್ದು, ಖತುನಾ ಇನ್ನೊಂದು ಪೆಟ್ಟಿಗೆಗೆ ಮೇಲೆ ಬರುತ್ತಾಳೆ, ಬರುತ್ತಾಳಲ್ಲವೇ, ತೆಗೆಯಬೇಕು, ಕೈ ಜೇಬಿನೊಳಗೆ ಹೋಗಿದೆ, ಫೋನು ಬೆಚ್ಚಗಿದೆ, ಅವರು ಮೂಲೆಯಿಂದ ಏಳುತ್ತಿದ್ದಾರೆ, ನೋಡು ಅನ್ನುತ್ತಿದ್ದಾರೆ, ನೀನೇ ನೋಡು, ಹೀಗೆ ಮೂಲೆ ಗುಡಿಸೋಳು ಅಂಥದ್ದು ಮಾಡ್ತಾಳಾ, ಬೆರಳು ನನ್ನ ಮುಖದ ಮುಂದೆ, ಇಷ್ಟು ಹತ್ತಿರ, ಗೆರೆಗೆರೆ, ಚೊಕ್ಕಟ, ಬೆರಳು —